ಮೊಪ್ತಿ ದಂಡೆಯ ಐಸ್ ಮನೆ

ಮಾರ್ಚ್ 11, 2012, ಭಾನುವಾರ

ಹೊರಗೆ ಬಿಸಿಲು ಬೆಳ್ಳಗೆ ಸುರಿಯುತ್ತಿದೆ. ನಾನು ಮಾತ್ರ ಇನ್ನೂ ಐಸ್ ಕಾಣದ ಐಸ್ ಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಗೋಡೆಗೆ ಕೊನೆಯ ಮಣ್ಣು ಮೆತ್ತಿ ಮುಗಿಸಿದರು. ಒಳಗೊಂದು ಗೋಡೆ, ಹೊರಗೊಂದು ಗೋಡೆ, ನಡುವೆ ಭತ್ತದ ಹೊಟ್ಟು. ಕಿಟಕಿ ಇಲ್ಲ. ಬಾಗಿಲನ್ನು ನನ್ನ ಗಂಡ ಬಾಮೊಯ್ ಹಳೆಯ ದೋಣಿಯ ಹಲಗೆಗಳಿಂದ ಮಾಡಿದ್ದಾನೆ. ಅದನ್ನು ಮುಚ್ಚಿದರೆ ದಂಡೆಯ ಗದ್ದಲವೆಲ್ಲ ಎಲ್ಲೋ ನೀರಿನಡಿಯಿಂದ ಬಂದ ಹಾಗೆ ಕೇಳಿಸುತ್ತದೆ.

ಮಧ್ಯಾಹ್ನ ಇಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ನದಿ ಹೆಪ್ಪುಗಟ್ಟಿತ್ತು. ನಾವು ಹೆಂಗಸರೆಲ್ಲ ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತಿದ್ದೆವು. ಕಾಲಡಿಯಲ್ಲಿ ಮೀನುಗಳು ಕಣ್ಣು ತೆರೆದುಕೊಂಡೇ ನಿಂತಿದ್ದವು, ಒಂದೂ ಕೊಳೆತಿರಲಿಲ್ಲ. ಎಲ್ಲಿಯೂ ಹೊಗೆ ಇರಲಿಲ್ಲ. ಎದ್ದಾಗ ಪಾದಗಳು ನಿಜಕ್ಕೂ ತಣ್ಣಗಿದ್ದವು.

ಈ ದಂಡೆಯಲ್ಲಿ ನಾವು ಹೊಗೆಯಲ್ಲಿ ಮೀನು ಒಣಗಿಸುತ್ತಲೇ ಮುದುಕಿಯರಾಗುತ್ತೇವೆ. ನಮ್ಮ ಮೀನಿನ ಹೆಂಗಸರ ಸಂಘದ ಹಿರಿಯಳು ನಾನಾ ಕರಬೆಂಟಾಳ ಕಣ್ಣುಗಳಲ್ಲಿ ಈಗ ಬರೀ ನೀರು. ರಾಜಧಾನಿ ಬಮಾಕೊದವರು ಹಸಿ ಮೀನು ಕೇಳುತ್ತಾರೆ, ದಾರಿಯಲ್ಲಿ ಅದು ಕೆಡುತ್ತದೆ. ಐಸ್ ಇದ್ದರೆ ಕೆಡುವುದಿಲ್ಲ. ಇಷ್ಟು ಸಣ್ಣ ಮಾತನ್ನು ಎಲ್ಲರ ತಲೆಗೆ ಹಾಕಲು ನನಗೆ ವರ್ಷಗಳೇ ಬೇಕಾದವು. ಸಂಘದವರೆಲ್ಲ ಕೂಡಿಟ್ಟ ದುಡ್ಡಿನಲ್ಲಿ ಮುಂಗಡ ಕೊಟ್ಟ ಐಸ್ ಯಂತ್ರ ನೆರೆದೇಶದ ಅಬಿಜಾನ್ ಬಂದರಿಗೆ ಬಂದಿಳಿದಿದೆ. ಮಾರುವ ಕಂಪನಿಯ ಕ್ವಾಕು ಫೋನಿನಲ್ಲಿ ಹೇಳಿದ. ಗಡಿ ದಾಟಿ ಹೋಗಿ ಅದನ್ನು ಹೊತ್ತು ತರುವವನು ಅನಾಯ್ ತೆಂಬೆಲಿ. ಈರುಳ್ಳಿ ಸಾಗಿಸುವ ಲಾರಿ ಅವನದು. ಮುಂದೆ ನಮ್ಮ ಹಸಿ ಮೀನನ್ನೂ ಅವನೇ ಬಮಾಕೊಗೆ ಒಯ್ಯುತ್ತಾನೆ.

ಸಂಜೆ ಬಂದಿದ್ದ. ಅವನು ಈರುಳ್ಳಿ ಬೆಳೆಯುವ ದೋಗೊನ್, ನಾನು ಮೀನು ಹಿಡಿಯುವ ಬೋಜೋ. ನಮ್ಮೆರಡು ಕುಲದವರು ಬೈದಾಡದೆ ಮಾತು ಶುರು ಮಾಡಿದರೆ ಅದೇ ಅವಮಾನ.

"ಏ ಮೀನಮ್ಮ, ಮುಂದಿನ ತಿಂಗಳು ಚುನಾವಣೆ. ಓಟಿನ ಕಾರ್ಡ್ ತಗೊಂಡ್ಯಾ?"

"ಯಾಕೆ? ಗೆದ್ದೋನು ಬಂದು ನನ್ನ ಮೀನು ತೊಳೀತಾನಾ?"

"ನಿನ್ನ ಮೀನು ತೊಳೆದ್ರೆ ಅವನು ಇನ್ನು ಚುನಾವಣೆಗೇ ನಿಲ್ಲಲ್ಲ, ಮೂಗು ಮುಚ್ಕೊಂಡು ಓಡ್ಹೋಗ್ತಾನೆ."

"ನೀನು ಸುಮ್ನೆ ಬಾಯಿ ಮುಚ್ಕೊ ಈರುಳ್ಳಿ ರಾಯ. ನೀನು ಮಾತಾಡಿದ್ರೆ ನೊಣಗಳು ಕೂಡ ಅಳ್ತವೆ."

ಬಮಾಕೊದ ಕುರ್ಚಿಯಲ್ಲಿ ಯಾರು ಕೂತರೆ ನಮಗೇನು? ನದಿ ಅವರನ್ನು ಕೇಳಿ ಹರಿಯುತ್ತದೆಯೇ?

ಮಾರ್ಚ್ 22, ಗುರುವಾರ

ಸಂತೆಯ ದಿನ. ರೇಡಿಯೋಗಳೆಲ್ಲ ಒಂದೇ ಹಾಡು ಹಾಡುತ್ತಿದ್ದವು, ಬ್ಯಾಂಡಿನ ಹಾಡು. ಸೈನಿಕರು ಬಮಾಕೊದಲ್ಲಿ ಅರಮನೆ ಹಿಡಿದರಂತೆ. ಟೀವಿಯಲ್ಲಿ ಒಬ್ಬ ಸೈನಿಕ ಕಾಗದ ನೋಡಿಕೊಂಡು ಓದುತ್ತಿದ್ದ. ಹಿಂದೆ ನಿಂತವರ ಟೋಪಿಗಳೆಲ್ಲ ಒಂದೊಂದು ಕಡೆ ವಾಲಿದ್ದವು.

ಮೀನು ಎಂದಿನಂತೆ ಖರ್ಚಾಯಿತು. ಕೊಳ್ಳುವವರು ಚೌಕಾಸಿ ಮಾಡಲಿಲ್ಲ, ಅದೊಂದೇ ವಿಚಿತ್ರ. ಬೇಗ ಬೇಗ ಕೊಂಡು ಬೇಗ ಬೇಗ ಹೋದರು.

ಬಾಗಿಲಿನ ಅಂಚಿಗೆ ಹೊಲಿಯಲು ಕುರಿಯ ತುಪ್ಪಳ ತಂದೆ. ತಂಪು ಹೊರಗೆ ಸೋರಬಾರದು.

ಏಪ್ರಿಲ್ 4

ಅನಾಯ್ ಖಾಲಿ ಲಾರಿಯಲ್ಲಿ ವಾಪಸ್ಸು ಬಂದ. ಮುಖದ ತುಂಬ ಕೆಂಪು ಧೂಳು, ರೆಪ್ಪೆಯ ಮೇಲೂ. ನೆರೆಯ ದೇಶಗಳೆಲ್ಲ ಸೇರಿ ನಮ್ಮ ಗಡಿ ಮುಚ್ಚಿವೆ. ಸೈನಿಕರು ಇಳಿಯುವ ತನಕ ತೆಗೆಯುವುದಿಲ್ಲವಂತೆ. ಗಡಿಯಲ್ಲಿ ಲಾರಿಗಳ ಸಾಲು ಆಕಾಶದ ಅಂಚಿನವರೆಗೂ ಇತ್ತು ಎಂದ. ಮಾವಿನಹಣ್ಣು ತುಂಬಿದ ಲಾರಿಗಳಿಂದ ರಸ ರಸ್ತೆಗೆ ಸೋರಿ ಜೇನುನೊಣಗಳು ಮೋಡದ ಹಾಗೆ ಎದ್ದಿದ್ದವಂತೆ.

"ಬೇಲಿ ಆ ಕಡೆ ನಿನ್ನ ಐಸು, ಈ ಕಡೆ ನಾನು. ಕೈ ಚಾಚಿದ್ರೆ ಸಿಗೋ ಹಾಗಿತ್ತು ಕುಂಬಾ."

ಇವತ್ತು ಅವನು ನನ್ನನ್ನು ಮೀನಮ್ಮ ಎನ್ನಲಿಲ್ಲ. ಅದು ನನಗೆ ಹೆಚ್ಚು ಭಯ ಹುಟ್ಟಿಸಿತು.

ಟಿಂಬಕ್ಟು ಹೋಯಿತು. ಬಂದೂಕಿನವರು ಮರಳುಗಾಡಿನ ಕಡೆಯಿಂದ ಬಂದು ಹಿಡಿದುಕೊಂಡರು. ಉತ್ತರದ ಅರ್ಧ ದೇಶ ಈಗ ನಮ್ಮದಲ್ಲ. ನಾನಾ ಕರಬೆಂಟಾ ಕೇಳಿದಳು: "ಐಸು ಬರೋದು ಆ ಕಡೆಯಿಂದ ಅಲ್ವಲ್ಲ ಮಗಾ?" ಅಲ್ಲ ಅಜ್ಜಿ, ಎಂದೆ. ಅವಳಿಗೆ ಸಮಾಧಾನವಾಯಿತು.

ಏಪ್ರಿಲ್ 12

ಸೈನಿಕರು ಕುರ್ಚಿ ಬಿಟ್ಟರಂತೆ, ಗಡಿ ತೆರೆದಿದೆ! ಕ್ವಾಕುಗೆ ಫೋನ್ ಮಾಡಿದೆ.

"ಅಕ್ಕಾ, ಗಡಿ ತೆರೆದ್ರೂ ನಮ್ಮ ಯಜಮಾನ್ರು ಕಳಿಸಲ್ಲ ಅಂತಿದಾರೆ. ಮೊಪ್ತಿಯಿಂದಾಚೆಗೆ ಯುದ್ಧ ಅಂತೆ. ಯಂತ್ರ ಜೋಡಿಸೋ ಮೇಸ್ತ್ರಿ ಬರೋಕೆ ಒಪ್ತಿಲ್ಲ. ವಿಮೆಯೋರೂ ಬೇಡ ಅಂದ್ರು."

"ಮೊಪ್ತಿಯಿಂದಾಚೆಗೆ ತಾನೇ? ನಾವಿರೋದು ಮೊಪ್ತೀಲಿ."

"ಅವರ ನಕ್ಷೇಲಿ ಎಲ್ಲಾ ಒಂದೇ ಬಣ್ಣ ಅಕ್ಕಾ."

ಫೋನಿಟ್ಟ ಮೇಲೂ ಆ ಮಾತು ಕಿವಿಯಲ್ಲೇ ಉಳಿಯಿತು. ನನ್ನ ಐಸ್ ಮನೆಗೂ ಆ ಬಣ್ಣ ಬಿದ್ದಿದೆ. ಹೋಗಿ ಗೋಡೆ ಮುಟ್ಟಿದೆ. ಮಣ್ಣಿನ ಬಣ್ಣವೇ ಇತ್ತು.

ಏಪ್ರಿಲ್ 21

ಉತ್ತರದಿಂದ ಜನ ಬರುತ್ತಿದ್ದಾರೆ. ಬಸ್ಸುಗಳ ನೆತ್ತಿಯ ಮೇಲೆ, ಲಾರಿಗಳಲ್ಲಿ, ಇನ್ನೂ ನೀರು ಉಳಿದ ಕಡೆಗಳಲ್ಲಿ ಸಣ್ಣ ದೋಣಿಗಳಲ್ಲಿ. ದಂಡೆಯ ಮೇಲೆ ಇಳಿದು ಸುಮ್ಮನೆ ನಿಲ್ಲುತ್ತಾರೆ. ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳುವುದಿಲ್ಲ. ನಿದ್ದೆಯಲ್ಲಿ ನಡೆದು ಬಂದವರಂತೆ ನದಿಯನ್ನೇ ನೋಡುತ್ತಾರೆ.

ಒಬ್ಬಳು ಐಸ್ ಮನೆಯ ನೆರಳಿಗೆ ಒರಗಿ ಕೂತಿದ್ದಳು. ಹೆಸರು ಸಲಾಮಾತಾ, ಟಿಂಬಕ್ಟುವಿನವಳು. ಅಲ್ಲಿ ರೊಟ್ಟಿ ಸುಡುತ್ತಿದ್ದಳಂತೆ. ಗಂಡ ಮನೆ ಕಾಯಲು ಅಲ್ಲೇ ಉಳಿದಿದ್ದಾನೆ. ಇವಳಿಗೆ ತಿಂಗಳು ನಿಂತಿದೆ, ಇನ್ನೂ ಹೊಟ್ಟೆ ಕಾಣುವುದಿಲ್ಲ.

"ಅಕ್ಕಾ, ಈ ಗೋಡೆ ಯಾಕೆ ಇಷ್ಟು ತಂಪು?" ಎಂದು ಕೇಳಿದಳು.

ಬಾಗಿಲು ತೆಗೆದೆ. ಅವಳೂ ಅವಳ ಜೊತೆಯ ಹೆಂಗಸರೂ ಮಕ್ಕಳೂ ಒಳಗೆ ಹೋಗಿ ನೆಲದ ಮೇಲೆ ಮಲಗಿಬಿಟ್ಟರು. ಸಂಜೆಯವರೆಗೆ ಒಂದು ಮಗುವೂ ಅಳಲಿಲ್ಲ.

ಒಂದೆರಡು ದಿನದ ಮಾತು. ಯಂತ್ರ ಬರುವುದರೊಳಗೆ ಹೋಗಿಬಿಡುತ್ತಾರೆ.

ಏಪ್ರಿಲ್ 23

ನಾನಾ ಕರಬೆಂಟಾ ಕೋಲು ಕುಟ್ಟಿಕೊಂಡು ಬಂದಳು.

"ಹೊಗೇಲಿ ಕಣ್ಣು ಕಳ್ಕೊಂಡು ದುಡ್ಡು ಕೂಡಿಟ್ಟಿದ್ದು ಕಣೇ ನಾನು! ಐಸ್ ಮುಟ್ಟಿ ಸಾಯ್ಬೇಕು ಅಂತ. ಧರ್ಮಛತ್ರ ಕಟ್ಟೋಕೆ ಅಂತ ನನ್ ಹತ್ರ ಕೇಳಿದ್ಯಾ ನೀನು?"

"ಯಂತ್ರ ಬರೋ ತನಕ ಅಷ್ಟೇ ಅಜ್ಜಿ. ಖಾಲಿ ಬಿದ್ದಿದೆಯಲ್ಲ."

"ಖಾಲಿ ಇರಲಿ! ಖಾಲಿ ಇದ್ರೆ ನನ್ನದು ಅಂತಾದ್ರೂ ಇರತ್ತೆ."

ಒಳಗೆ ಇಣುಕಿದಳು. ಕಣ್ಣು ಕಾಣದಿದ್ದರೂ ಬಹಳ ಹೊತ್ತು ಇಣುಕಿದಳು. ಉಸಿರಾಟಗಳನ್ನು ಕೇಳುತ್ತಿದ್ದಳೆಂದು ಕಾಣುತ್ತದೆ. ಬೈಯುತ್ತಲೇ ಹೋದಳು. ಅವಳ ಮೊಮ್ಮಗಳು ಆಮೇಲೆ ಚಾಪೆಗಳ ಸುರುಳಿ ಹೊತ್ತು ತಂದಳು. "ಅಜ್ಜಿ ಕಳಿಸಿದ್ದು ಅಂತ ಹೇಳ್ಬೇಡ ಅಂದಿದಾರೆ," ಎಂದು ಹೇಳಿ ಹೋದಳು.

ಮೇ 15

ಗಾಳಿಗೆ ಜ್ವರ ಬಂದ ಹಾಗಿದೆ. ಎಲ್ಲರೂ ಅರೆಗಣ್ಣಿನಲ್ಲಿ ಓಡಾಡುತ್ತಾರೆ. ನದಿ ಒಣಗಿ ಸಣ್ಣದಾಗಿ, ದನಗಳು ನಡೆದು ದಾಟುತ್ತಿವೆ.

ಸಲಾಮಾತಾ ಐಸ್ ಮನೆಯ ಹಿಂದೆ ಮಣ್ಣಿನ ಒಲೆ ಕಟ್ಟಿದ್ದಾಳೆ, ಅವಳೂರಿನ ದುಂಡನೆಯ ಒಲೆ. ಬೆಳಿಗ್ಗೆ ರೊಟ್ಟಿಯ ವಾಸನೆ ಮೀನಿನ ಹೊಗೆಯನ್ನು ಸೀಳಿಕೊಂಡು ನಮ್ಮ ಅಂಗಳಕ್ಕೆ ಬರುತ್ತದೆ. ಅರೆನಿದ್ದೆಯಲ್ಲಿ ಅದು ಯಾವ ಊರು ಎಂದೇ ನನಗೆ ಗೊತ್ತಾಗುವುದಿಲ್ಲ.

ಅನಾಯ್ ಒಂದು ತುಂಡು ಕಚ್ಚಿ, "ಏನಮ್ಮ ಇದು, ಹಲ್ಲಿಗೆ ಮರಳು ಸಿಗ್ತಿದೆ!" ಎಂದ.

"ಮರಳು ನಮ್ಮೂರಿನದಲ್ಲ ಅಣ್ಣಾ, ನಿಮ್ಮ ಮೊಪ್ತೀದು. ನಮ್ಮೂರಿನ ಮರಳು ಇದಕ್ಕಿಂತ ನುಣುಪು, ರುಚಿಯಾಗಿರತ್ತೆ."

ಬಂದ ಮೇಲೆ ಅವಳು ನಕ್ಕಿದ್ದು ಇದೇ ಮೊದಲು. ದಂಡೆಯವರು ಈಗ ರೊಟ್ಟಿಗೆ ಸಾಲು ನಿಲ್ಲುತ್ತಾರೆ. ನನ್ನ ಹೊಗೆಗೂಡಿನ ಕೆಂಡವನ್ನೇ ಅವಳ ಒಲೆಗೆ ಒಯ್ದು ಹಾಕುತ್ತೇನೆ. ನನಗೂ ಕಟ್ಟಿಗೆ ಉಳಿಯುತ್ತದೆ, ಅವಳಿಗೂ.

ಜೂನ್ 20

ಕ್ವಾಕು ಫೋನ್ ಮಾಡಿದ್ದ. ಯಂತ್ರವನ್ನು ಬೇರೆ ದೇಶದವರಿಗೆ ಮಾರಿದರಂತೆ. "ಬಂದರಿನಲ್ಲಿ ತುಕ್ಕು ಹಿಡೀತಿತ್ತು ಅಕ್ಕಾ. ಅಲ್ಲಿ ಗಲಾಟೆ ಇಲ್ಲ ನೋಡಿ." ನಮ್ಮ ಮುಂಗಡ ನಿಧಾನವಾಗಿ ಹಿಂದಿರುಗಿಸುತ್ತಾರಂತೆ.

ಸರಿ ಎಂದೆ.

ಜೂನ್ 21

ಎಲ್ಲೋ ಒಂದು ಶಾಂತವಾದ ಊರಿನ ಹೆಂಗಸೊಬ್ಬಳು ನನ್ನ ಐಸನ್ನು ಒಡೆದು ನನ್ನದಲ್ಲದ ಮೀನಿನ ಮೇಲೆ ಹಾಕುತ್ತಿದ್ದಳು. ಕನಸಿನಲ್ಲಿ ಅವಳ ಮುಖ ನೋಡಲು ಹೋದೆ, ತಿರುಗಲೇ ಇಲ್ಲ. ಅವಳು ಕೆಟ್ಟವಳಲ್ಲ. ಅವಳ ಬೆನ್ನು ನನ್ನ ಬೆನ್ನಿನ ಹಾಗೇ ಇತ್ತು.

ಸಂಘದವರಿಗೆ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬಳು, "ನಮ್ಮ ತಪ್ಪೇನಿತ್ತು?" ಎಂದಷ್ಟೇ ಕೇಳಿದಳು. ಅಷ್ಟೊಂದು ದೂರದಲ್ಲಿ ಕೂತು ಯಾರೋ ಕುರ್ಚಿ ಎಳೆದರೆ ನಮ್ಮ ಗೋಡೆ ಯಾಕೆ ಅಲುಗಬೇಕು ಎಂದು ನಾನೂ ಇಡೀ ದಿನ ಯೋಚಿಸಿದೆ. ಯೋಚಿಸುತ್ತಲೇ ಎಷ್ಟೋ ಮೀನು ಸೀಯಿಸಿದೆ.

ಆಗಸ್ಟ್ 30

ಬಹಳ ದಿನ ಬರೆದಿಲ್ಲ. ನೀರು ಏರಿದೆ. ಹುಲ್ಲುಗಾವಲೆಲ್ಲ ಮುಳುಗಿ, ದೋಣಿಗಳು ಹುಲ್ಲಿನ ಮೇಲೆ ತೇಲುತ್ತಿರುವಂತೆ ಕಾಣುತ್ತವೆ. ಬಾಮೊಯ್ ಬಲೆ ಹಾಕಿ ಬರುತ್ತಾನೆ, ನಾನು ಮೀನು ಹೊಗೆಗಿಡುತ್ತೇನೆ, ಸಲಾಮಾತಾ ರೊಟ್ಟಿ ಮಾಡುತ್ತಾಳೆ. ಬಮಾಕೊಗೆ ಹೋಗುವ ಬಸ್ಸಿನವರು ಈಗ ರೊಟ್ಟಿಯ ನಡುವೆ ಹೊಗೆ ಮೀನಿಟ್ಟು ಕೊಡಿ ಎಂದು ಕೇಳುತ್ತಾರೆ. ಅನಾಯ್ ಅದಕ್ಕೆ ತನ್ನ ಈರುಳ್ಳಿ ಸೇರಿಸಿದ. "ಮೀನಿನ ನಾತ ಮುಚ್ಚೋಕೆ," ಎಂದ. ನಾನಾ ಕರಬೆಂಟಾಳೇ ನಮ್ಮ ದೊಡ್ಡ ಗಿರಾಕಿ. ಹಲ್ಲಿಲ್ಲ, ನೆನೆಸಿಕೊಂಡು ತಿನ್ನುತ್ತಾಳೆ.

ಐಸ್ ಮನೆಯೊಳಗಿನ ಮಕ್ಕಳು ಗೋಡೆಯ ಮೇಲೆ ಇದ್ದಿಲಿನಿಂದ ಒಂಟೆಗಳನ್ನು ಬರೆದಿದ್ದಾರೆ. ಸಾಲು ಸಾಲು ಒಂಟೆಗಳು, ಎಲ್ಲವೂ ಬಾಗಿಲ ಕಡೆಗೆ ಹೋಗುತ್ತಿವೆ.

ಅಕ್ಟೋಬರ್ 14

ಬೆಳಿಗ್ಗೆಯಿಂದ ಸಲಾಮಾತಾಳಿಗೆ ನೋವು. ಆಸ್ಪತ್ರೆಗೆ ಸಾಗಿಸುವ ಹೊತ್ತು ಮೀರಿತ್ತು. ಸೂಲಗಿತ್ತಿ ಬಂದಳು. ಮಳೆ ನಿಂತ ಮೇಲಿನ ಧಗೆ, ಐಸ್ ಮನೆಯೊಳಗೆ ಗಾಳಿ ಹಸಿ ಬಟ್ಟೆಯ ಹಾಗೆ ನಿಂತಿತ್ತು. ಬಾಗಿಲು ತೆರೆದಿಟ್ಟರೂ ಸಾಲಲಿಲ್ಲ. ಸಲಾಮಾತಾಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಗಾಳಿ," ಎಂದಳು ಸೂಲಗಿತ್ತಿ. "ಇದೇನು ಮನೆಯೋ, ಮಡಕೆಯೋ? ಗಾಳಿ ಬೇಕು."

ನಾನು ಹೊರಗೆ ಓಡಿ ಬಾಮೊಯ್‌ಗೆ ಹೇಳಿದೆ: "ಗೋಡೆ ಒಡಿ."

"ಯಾವ ಗೋಡೆ?"

"ನದಿ ಕಡೇದು. ಒಡಿ ಅಂದ್ನಲ್ಲ!"

ಅವನು ನನ್ನ ಮುಖ ನೋಡಿದ. ಆಮೇಲೆ ಪಿಕಾಸಿ ಎತ್ತಿದ. ಹೊರಗಿನ ಗೋಡೆ ಬಿರಿಯಿತು, ಒಳಗಿನದೂ ಬಿರಿಯಿತು, ನಡುವೆ ತುಂಬಿದ್ದ ಭತ್ತದ ಹೊಟ್ಟು ಸುರಿಯತೊಡಗಿತು. ಬೆಳಕು ಅದರೊಳಗಿಂದ ತೂರಿ ಬಂತು. ಹೊಟ್ಟು ಬಂಗಾರದ ಮಳೆಯ ಹಾಗೆ ಬಹಳ ಹೊತ್ತು ಸುರಿಯಿತು, ಚಾಪೆಗಳ ಮೇಲೆ, ನಮ್ಮ ಕೂದಲ ಮೇಲೆ. ಅದರ ಹಿಂದೆಯೇ ನದಿಯ ಗಾಳಿ ಬಂತು. ಸಲಾಮಾತಾ ಕಣ್ಣು ತೆರೆದು, "ಏನು, ಮರಳಾ?" ಎಂದಳು. ತನ್ನೂರಿನಲ್ಲಿದ್ದೇನೆ ಎಂದುಕೊಂಡಿದ್ದಳು.

ಮಧ್ಯಾಹ್ನದ ಪ್ರಾರ್ಥನೆಯ ಕರೆಗೆ ಮೊದಲು ಹೆಣ್ಣುಮಗು. ನೆತ್ತಿಯ ಮೇಲೆ ಹೊಟ್ಟು ಅಂಟಿಕೊಂಡಿತ್ತು.

ನಾನಾ ಕರಬೆಂಟಾ ಬಂದು ಕಂಡಿಯ ಅಂಚನ್ನೆಲ್ಲ ಕೈಯಿಂದ ಸವರಿ ನೋಡಿದಳು. "ಇನ್ನು ಇಲ್ಲಿ ಐಸ್ ನಿಲ್ಲಲ್ಲ ಕುಂಬಾ."

"ಯಾವ ಐಸು?" ಎಂದೆ. ನಾನು ಆಗ ಬಿಸಿನೀರಿನ ಪಾತ್ರೆ ಹುಡುಕುತ್ತಿದ್ದೆ.

ಜನವರಿ 11, 2013

ಮಂಜು ಮುಸುಕಿದ ಬೆಳಿಗ್ಗೆ. ನದಿಯ ಮೇಲೆ ಒಂದೂ ದೋಣಿ ಇಲ್ಲ. ಕೊನ್ನಾ ನಿನ್ನೆ ಬಂದೂಕಿನವರ ಕೈಗೆ ಹೋಯಿತು. ಕೊನ್ನಾ ಎಂದರೆ ನಮ್ಮ ಪಕ್ಕದ್ದೇ. ಬೆಳಿಗ್ಗೆ ಅಲ್ಲಿಂದ ಹೊರಟ ಮೀನಿನ ಗಾಡಿ ಮಧ್ಯಾಹ್ನದೊಳಗೆ ಇಲ್ಲಿರುತ್ತಿತ್ತು. ಇನ್ನು ಮೊಪ್ತಿಯೇ.

ಅಂಗಡಿಯವರು ಬಾಗಿಲು ಹಾಕಿಕೊಂಡು ಹೊರಟರು. ಅನಾಯ್ ಲಾರಿಯನ್ನು ಐಸ್ ಮನೆಯ ಎದುರಿಗೇ ತಂದು ನಿಲ್ಲಿಸಿದ, ಇಂಜಿನ್ ಆರಿಸಲಿಲ್ಲ.

"ಹತ್ತಿ ಎಲ್ರೂ. ದಕ್ಷಿಣಕ್ಕೆ ಹೋಗೋಣ."

ಎಲ್ಲರೂ ಸಲಾಮಾತಾಳನ್ನು ನೋಡಿದರು. ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು.

"ನಾನು ಇನ್ನೊಂದ್ಸಲ ಓಡಲ್ಲ," ಎಂದಳು. "ಒಂದ್ಸಲ ಓಡಿದೀನಿ, ಗೊತ್ತು ಅದೇನು ಅಂತ. ಓಡಿದ ಕಡೆ ಮತ್ತೆ ಕುಂಬಾ ಅಕ್ಕ ಇರ್ತಾಳಾ?"

ಹೋಗುವವರು ಹೋಗಿ ಎಂದೆ. ಕೆಲವರು ಎದ್ದು ಗಂಟು ಕಟ್ಟಿದರು, ಬಾಗಿಲ ತನಕ ಹೋದರು, ಮಂಜು ನೋಡಿದರು, ವಾಪಸ್ಸು ಬಂದು ಕೂತರು. ಅನಾಯ್ ಬಹಳ ಹೊತ್ತು ಸ್ಟೇರಿಂಗ್ ಹಿಡಿದೇ ಕೂತಿದ್ದ. ಆಮೇಲೆ ಇಂಜಿನ್ ಆರಿಸಿ, ಲಾರಿಯಲ್ಲಿದ್ದ ಈರುಳ್ಳಿ ಚೀಲಗಳನ್ನು ಇಳಿಸಿ ಮನೆಯೊಳಗೆ ಗೋಡೆಗೆ ಒಟ್ಟತೊಡಗಿದ.

"ಇದೇನೋ?"

"ಗುಂಡು ಬಂದ್ರೆ ಈರುಳ್ಳಿಗೆ ಬೀಳಲಿ. ನಿನಗೆ ಬಿದ್ರೆ ಬೈಯೋಕೆ ನನಗ್ಯಾರಿದಾರೆ ಮೀನಮ್ಮ?"

ಎಲ್ಲರೂ ಒಳಗೆ ಕೂತೆವು. ವಿಮಾನದ ಸದ್ದು ಬಂತು, ಎತ್ತರದಲ್ಲಿ, ಮಂಜಿನ ಮೇಲೆ ಯಾರೋ ಉದ್ದನೆಯ ಬಟ್ಟೆ ಹರಿದ ಹಾಗೆ. ಯಾರ ವಿಮಾನವೋ ಗೊತ್ತಿಲ್ಲ. ಮಗು ನಿದ್ದೆಯಲ್ಲಿ ನಕ್ಕಿತು. ನಾನಾ ಕರಬೆಂಟಾ ಗೋಡೆಗೆ ಒರಗಿ, ತಾನು ಹುಡುಗಿಯಾಗಿದ್ದಾಗ ನದಿ ಎಷ್ಟು ಅಗಲವಿತ್ತು ಎಂದು ಹೇಳತೊಡಗಿದಳು. ಹೇಳುತ್ತಾ ಹೋದಂತೆ ನದಿ ಅಗಲವಾಗುತ್ತಾ ಹೋಯಿತು. ಆ ಕಡೆಯ ದಡ ಕಾಣದಾಯಿತು. ಅಷ್ಟು ನೀರನ್ನು ದಾಟಿ ಯಾರೂ ಬರಲಾರರು ಎನಿಸಿತು.

ಜನವರಿ 19

ಬರಲಿಲ್ಲ. ಬಂದೂಕಿನವರನ್ನು ನಮ್ಮ ಸೈನ್ಯವೂ ಆ ವಿಮಾನದವರೂ ಸೇರಿ ಹಿಂದಕ್ಕೆ ಅಟ್ಟಿದ್ದಾರೆ. ಕೊನ್ನಾ ನಮ್ಮದಾಗಿದೆ, ಆದರೆ ಅಲ್ಲಿಯ ಮೀನುಗಾರರ ದೋಣಿಗಳು ಸುಟ್ಟುಹೋಗಿವೆಯಂತೆ. ಬಾಮೊಯ್ ತನ್ನ ಹಳೆಯ ಬಲೆಗಳನ್ನು ಹೊಲಿದು ಅವರಿಗೆಂದು ಎತ್ತಿಟ್ಟ. ಅನಾಯ್ ಒಯ್ದು ಕೊಡುತ್ತಾನೆ.

ಇಂದು ಬಹಳ ನಿದ್ದೆ ಮಾಡಿದೆ.

ಜುಲೈ 28, ಭಾನುವಾರ

ಉಪವಾಸದ ತಿಂಗಳು, ತುಂತುರು ಮಳೆ. ಹೋದ ವರ್ಷ ನಡೆಯದ ಚುನಾವಣೆ ಇಂದು, ಶಾಲೆಯ ಅಂಗಳದಲ್ಲಿ ಓಟಿನ ಸಾಲು. ಬೆಳಿಗ್ಗೆ ಬೇಗನೇ ಹೋಗಿ ನಿಂತೆ. ನಾನಾ ಕರಬೆಂಟಾ ನನ್ನ ಸೊಂಟ ಹಿಡಿದುಕೊಂಡು ಹಿಂದೆ. ಅನಾಯ್ ಮುಂದೆ.

"ಮೀನಿನ ಜಾತಿಯೋರಿಗೆ ಬೇರೆ ಸಾಲು ಮಾಡ್ಬೇಕಿತ್ತು," ಎಂದ. ಸಾಲಿಡೀ ನಕ್ಕಿತು.

"ಈರುಳ್ಳಿಯೋರಿಗೆ ಮೇಜಿನ ಕೆಳಗೆ ಜಾಗ ಇದೆಯಂತೆ, ಹೋಗು," ಎಂದೆ.

ಸಲಾಮಾತಾಳ ಹೆಸರು ಟಿಂಬಕ್ಟುವಿನ ಪಟ್ಟಿಯಲ್ಲಿದೆ, ಇಲ್ಲಿ ಓಟಿಲ್ಲ. ಆದರೂ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಜೊತೆಗೆ ಬಂದಿದ್ದಳು.

"ನನ್ನದನ್ನೂ ನೆನಸ್ಕೊಂಡು ಹಾಕಕ್ಕಾ."

"ಯಾರಿಗೆ ಹಾಕ್ಲಿ ಹೇಳು."

ಅವಳು ಯೋಚಿಸಿದಳು. ಮಗು ಅವಳ ಕಿವಿಯೋಲೆ ಎಳೆಯುತ್ತಿತ್ತು.

"ಕೊಟ್ಟಷ್ಟು ದಿನ ಕೂತು, ದಿನ ಮುಗಿದ ಮೇಲೆ ತಾನಾಗೇ ಎದ್ದು ಹೋಗೋನಿಗೆ."

ಮರೆಯೊಳಗೆ ಹೋಗಿ ಹಾಳೆ ಬಿಡಿಸಿದೆ. ಎಷ್ಟೊಂದು ಮುಖಗಳು! ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. ಒಬ್ಬೊಬ್ಬರ ಕಣ್ಣನ್ನೂ ನೋಡಿದೆ, ಯಾರು ಎದ್ದು ಹೋಗುವವನು ಎಂದು. ಹೊರಗಿನಿಂದ ಮೇಜಿನವನು ಕೂಗಿದ: "ಅಮ್ಮಾ, ಒಳಗೆ ನಿದ್ದೆ ಹೋದ್ರಾ?"

ಬೆರಳಿನ ಶಾಯಿ ಇನ್ನೂ ಹೋಗಿಲ್ಲ. ಮೀನು ತೊಳೆದರೂ ಹೋಗಿಲ್ಲ.

ಆಗಸ್ಟ್ 25

ಬಂದೂಕಿನವರು ಟಿಂಬಕ್ಟು ಬಿಟ್ಟು ಓಡಿ ತಿಂಗಳುಗಳಾದವು. ಈಗ ನೀರೂ ಬಂದಿದೆ, ಉತ್ತರದ ದೊಡ್ಡ ದೋಣಿಗಳು ಹೊರಟಿವೆ. ಸಲಾಮಾತಾಳ ಗಂಡ ಸೀದಿ ಕರೆದೊಯ್ಯಲು ಬಂದಿದ್ದ. ತೆಳ್ಳಗಿನ, ಮೆಲ್ಲಗಿನ ಮನುಷ್ಯ. ಮಗುವನ್ನು ಎತ್ತಿಕೊಳ್ಳಲು ಹೆದರಿದ. ಮಗುವೂ ಅವನಿಗೆ ಹೆದರಿತು. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು.

ಐಸ್ ಮನೆಯಲ್ಲಿದ್ದವರೆಲ್ಲ ಅದೇ ದೋಣಿಗೆ ಹತ್ತಿದರು. ಸಲಾಮಾತಾ ಕೊನೆಗೆ ಹತ್ತಿದಳು. "ನಿನ್ನ ಒಲೆ ಮಳೆಗೆ ಕರಗಿಹೋಗತ್ತೆ," ಎಂದೆ. "ಮಣ್ಣೇ ತಾನೇ ಅಕ್ಕಾ, ಮತ್ತೆ ಮೆತ್ತು," ಎಂದಳು. ದೋಣಿ ತಿರುವಿನಲ್ಲಿ ಹುಲ್ಲಿನೊಳಕ್ಕೆ ಹೋದ ಹಾಗೆ ಮರೆಯಾಯಿತು. ಹಾಯಿಯ ತುದಿ ಮಾತ್ರ ಹಸಿರಿನ ಮೇಲೆ ಕೊಂಚ ಹೊತ್ತು ನಡೆಯಿತು.

ಐಸ್ ಮನೆಯೊಳಗೆ ಹೋಗಿ ಮಲಗಿದೆ. ಖಾಲಿ ಮನೆಯಲ್ಲಿ ನಿದ್ದೆ ಬರಲಿಲ್ಲ.

ಸೆಪ್ಟೆಂಬರ್ 9

ಹೊಗೆಗೂಡಿಗೆ ಮೀನು ಜೋಡಿಸುತ್ತಿದ್ದಾಗ ಫೋನ್ ಬಂತು. ಅಬಿಜಾನಿನ ಕ್ವಾಕು.

"ಅಕ್ಕಾ, ನೆನಪಿದೆಯಾ? ಇನ್ನೊಂದು ಯಂತ್ರ ಬಂದಿದೆ, ಅದಕ್ಕಿಂತ ಚೆನ್ನಾಗಿರೋದು. ನಿಮ್ಮಲ್ಲಿ ಹೊಸ ಸರ್ಕಾರ ಬಂತಂತೆ. ನಮ್ಮ ಯಜಮಾನ್ರು ಒಂದೇ ಮಾತು ಕೇಳ್ತಿದಾರೆ. ಮತ್ತೆ ಗಲಾಟೆ ಆಗಲ್ಲ ಅಂತ ಹೇಳೋಕಾಗತ್ತಾ?"

ನದಿ ನೋಡಿದೆ. ತುಂಬಿಕೊಂಡು, ಬೂದು ಬಣ್ಣದಲ್ಲಿ, ಆತುರವಿಲ್ಲದೆ ಹೋಗುತ್ತಿತ್ತು.

"ಇಲ್ಲ," ಎಂದೆ. "ಹಾಗೆ ಹೇಳೋಕಾಗಲ್ಲ."

ಫೋನಿನ ಆ ಕಡೆ ಬಂದರಿನ ಹಡಗೊಂದು ಕೂಗಿತು.

"ಹಾಗಾದ್ರೆ ಅವರಿಗೆ ಏನಂತ ಹೇಳ್ಲಿ ಅಕ್ಕಾ?"

"ಓಟು ಹಾಕಿ ಬಂದಿದೀವಿ ಅಂತ ಹೇಳು. ಗೋಡೆಯ ಕಂಡಿ ಮೆತ್ತಿದೀವಿ, ಗಟ್ಟಿ ಇದೆ ಅಂತ ಹೇಳು. ಐಸ್ ಬಂದ್ರೆ ಮೀನಿಡ್ತೀವಿ. ಗಲಾಟೆ ಬಂದ್ರೆ ಜನರನ್ನ ಇಡ್ತೀವಿ. ಎರಡೂ ಕೆಲಸ ನಮಗೆ ಬರತ್ತೆ. ಮುಂದಿನ ಯೋಚನೆ ಅವರದು."

ಅವನು ನಗುತ್ತಾನೆಂದುಕೊಂಡೆ, ನಗಲಿಲ್ಲ. "ಇದನ್ನ ಹೀಗೇ ಹೇಳ್ತೀನಿ," ಎಂದ. ಇನ್ನೇನೋ ಹೇಳುತ್ತಿದ್ದ. ಅಷ್ಟರಲ್ಲಿ ಮೀನು ಸೀಯುವ ವಾಸನೆ ಬಂತು. ನಾಳೆ ಮಾಡು ಎಂದು ಫೋನಿಟ್ಟು ಓಡಿದೆ.